ಮೊಗಲಾಯಿ (ಪದ)

ಮೊಗಲಾಯಿ ಎಂಬುದು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದ ಪ್ರದೇಶವನ್ನು ಸೂಚಿಸಲು ಉತ್ತರ ಕರ್ನಾಟಕದ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬಳಕೆಯಲ್ಲಿದ್ದ ಪದ. ಮೊಗಲ್ ಸಾಮ್ರಾಜ್ಯದ ಹೆಸರಿನಿಂದ ಹುಟ್ಟಿದ ಈ ಪದವು ಮೊದಲು ಮೊಗಲರ ಅಧಿಕಾರವನ್ನು, ನಂತರ ನಿಜಾಮರ ಸೀಮೆಯನ್ನು, ಆಡುಮಾತಿನಲ್ಲಿ ಅಂಕೆಯಿಲ್ಲದ ಆಡಳಿತವನ್ನು ಸೂಚಿಸುವಂತಾಯಿತು. ಇಂದಿನ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಭೂಭಾಗವನ್ನು ಧಾರವಾಡ, ಬಿಜಾಪುರ, ಬೆಳಗಾವಿ ಕಡೆಯ ಜನರು 'ಮೊಗಲಾಯಿ ಸೀಮೆ' ಎಂದು ಕರೆಯುತ್ತಿದ್ದರು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಈ ಸೀಮೆಯೊಳಗಿನ ಊರುಗಳು.

ಈ ಭಾಗದಲ್ಲಿ ಮೊಗಲರ ನೇರ ಆಳ್ವಿಕೆ ಪೂರ್ಣವಾಗಿ ನೆಲೆಗೊಂಡು ನಡೆದದ್ದು 1687ರಿಂದ 1724ರವರೆಗೆ, ಅಂದರೆ ನಾಲ್ಕು ದಶಕಗಳಿಗಿಂತಲೂ ಕಡಿಮೆ ಅವಧಿ. ಆದರೆ ಮೊಗಲರ ಹೆಸರು ಈ ನೆಲಕ್ಕೆ ಅದರ ನಂತರವೂ ಎರಡು ಶತಮಾನಗಳಿಗಿಂತ ಹೆಚ್ಚು ಕಾಲ ಅಂಟಿಕೊಂಡಿತ್ತು. ಆದ್ದರಿಂದ ಹಳೆಯ ಕಾಗದಪತ್ರ ಮತ್ತು ಬರಹಗಳಲ್ಲಿ ಈ ಪದ ಕಂಡಾಗ ಅದು ಯಾವ ಕಾಲದ್ದು, ಗಡಿಯ ಯಾವ ಬದಿಯವರು ಬರೆದದ್ದು ಎಂಬುದನ್ನು ನೋಡಿಯೇ ಅರ್ಥ ನಿರ್ಧರಿಸಬೇಕಾಗುತ್ತದೆ.

ವ್ಯುತ್ಪತ್ತಿ

'ಮೊಗಲ' ಎಂಬುದು ಪಾರಸಿಯ 'ಮುಘಲ್' ಎಂಬ ಪದದ ಕನ್ನಡ ರೂಪ. ಪಾರಸಿಯಲ್ಲಿ ಇದು 'ಮಂಗೋಲ್' ಎಂಬ ಜನಾಂಗವಾಚಕ ಪದದಿಂದ ಬಂದಿದೆ. ಬಾಬರನ ವಂಶದವರು ತಮ್ಮನ್ನು ತೈಮೂರನ ಸಂತತಿಯವರೆಂದು ಹೇಳಿಕೊಳ್ಳುತ್ತಿದ್ದರು; ತಮ್ಮ ಮನೆತನಕ್ಕೆ 'ಗೂರ್ಕಾನಿ' ಎಂಬ ಹೆಸರನ್ನು ಬಳಸುತ್ತಿದ್ದರು. 'ಮೊಗಲ' ಎಂಬುದು ಹೆಚ್ಚಾಗಿ ಇತರರು ಅವರಿಗೆ ಇಟ್ಟ ಹೆಸರು. ಹೀಗೆ 'ಮೊಗಲಾಯಿ' ಪದದ ಮೂಲದಲ್ಲಿಯೇ ಹೊರಗಿನವರು ಇಟ್ಟ ಹೆಸರೊಂದು ಸೇರಿದೆ.

ಪದದ ಕೊನೆಯ 'ಆಯಿ' ಎಂಬ ಪ್ರತ್ಯಯವು ಆಳ್ವಿಕೆ, ಅಧಿಕಾರ ಅಥವಾ ಆಳ್ವಿಕೆಯ ಕಾಲ ಎಂಬ ಅರ್ಥವನ್ನು ಕೊಡುತ್ತದೆ. ಪೇಶ್ವೆಯರ ಆಳ್ವಿಕೆಗೆ 'ಪೇಶವಾಯಿ' ಎನ್ನುವುದು ಇದೇ ರೀತಿಯ ರಚನೆ. ಆದಿಲಶಾಹಿ, ನಿಜಾಮಶಾಹಿ, ಬರೀದಶಾಹಿ ಮುಂತಾದ ಪದಗಳಲ್ಲಿ 'ಶಾಹಿ' ಎಂಬುದು ಇದೇ ಕೆಲಸವನ್ನು ಮಾಡುತ್ತದೆ. ಅಹಮದನಗರದ ಸುಲ್ತಾನರ ಆಳ್ವಿಕೆಯಾದ 'ನಿಜಾಮಶಾಹಿ'ಗೂ ಹೈದರಾಬಾದಿನ ನಿಜಾಮರಿಗೂ ಸಂಬಂಧವಿಲ್ಲ. 'ಮೊಗಲಾಯಿ' ಎಂದರೆ ನಿಜಾಮಶಾಹಿ ಎಂದು ತಿಳಿಯುವುದು ಸರಿಯಲ್ಲ.

ಮರಾಠಿಯಲ್ಲಿ 'ಮೋಗಲಾಈ' ಎಂಬ ರೂಪ ಬಳಕೆಯಲ್ಲಿದೆ. ಕನ್ನಡದಲ್ಲಿ ಮೊಗಲಾಯಿ, ಮೋಗಲಾಯಿ, ಮೊಘಲಾಯಿ ಎಂಬ ರೂಪಗಳು ಕಂಡುಬರುತ್ತವೆ. ಇಂದಿನ ಬರಹದಲ್ಲಿ 'ಮೊಘಲಾಯಿ' ಎಂಬ ಮಹಾಪ್ರಾಣ ರೂಪವು ಹೆಚ್ಚಾಗಿ ಅಡುಗೆ ಮತ್ತು ಕಲೆಯ ಸಂದರ್ಭದಲ್ಲಿ ಬರುತ್ತದೆ. ಸೀಮೆಯನ್ನು ಹೇಳುವಾಗ 'ಮೊಗಲಾಯಿ' ಎಂಬ ರೂಪವೇ ರೂಢಿಯಾಗಿದೆ.

ಅರ್ಥಗಳು

ಈ ಪದಕ್ಕೆ ಕಾಲಕ್ರಮದಲ್ಲಿ ಬಂದ ಮುಖ್ಯ ಅರ್ಥಗಳು ಹೀಗಿವೆ:

1. ಮೊಗಲ್ ಚಕ್ರವರ್ತಿಗಳ ಆಳ್ವಿಕೆ ಅಥವಾ ಅವರ ಆಳ್ವಿಕೆಯಲ್ಲಿದ್ದ ನಾಡು.

2. ಕಂದಾಯದ ಲೆಕ್ಕದಲ್ಲಿ, ಮರಾಠರ ಪಾಲನ್ನು ತೆಗೆದ ನಂತರ ಮೊಗಲ್ ಅಧಿಕಾರಿಗಳಿಗೆ ಅಥವಾ ನಿಜಾಮರಿಗೆ ಉಳಿಯುವ ಹಕ್ಕು. ಇದನ್ನು 'ಮೊಗಲಾಯಿ ಅಮಲು' ಎಂದು ಕರೆಯುತ್ತಿದ್ದರು.

3. ಹೈದರಾಬಾದಿನ ನಿಜಾಮರ ಸಂಸ್ಥಾನ. ಕನ್ನಡದಲ್ಲಿ ವಿಶೇಷವಾಗಿ ಆ ಸಂಸ್ಥಾನದ ಕನ್ನಡ ಜಿಲ್ಲೆಗಳು.

4. ಆಡುಮಾತಿನಲ್ಲಿ, ಕೇಳುವವರು ಹೇಳುವವರು ಇಲ್ಲದ ಆಡಳಿತ; ದುರಾಡಳಿತ; ಮನಬಂದಂತೆ ನಡೆಯುವ ಕಾರಭಾರ.

5. ವಿಶೇಷಣವಾಗಿ, ಮೊಗಲರ ಆಸ್ಥಾನದ ಸಂಪ್ರದಾಯಕ್ಕೆ ಸೇರಿದ್ದೆಂದು ಹೇಳಲಾಗುವ ಅಡುಗೆ, ಉಡುಗೆ ಅಥವಾ ಶೈಲಿ.

ಇವುಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ಅರ್ಥಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಸೀಮೆಯ ಹೆಸರು ಬೈಗುಳವಾಗಿಯೂ ಬಳಕೆಯಾದುದರಿಂದ, ಆ ಸೀಮೆಯ ಜನರ ಬಗೆಗಿನ ಕೆಲವು ಪೂರ್ವಗ್ರಹಗಳು ಪದದೊಡನೆಯೇ ಸಾಗಿಬಂದವು.

ಐತಿಹಾಸಿಕ ಹಿನ್ನೆಲೆ

ಮೊಗಲರ ಆಗಮನ

ಇಂದಿನ ಕಲಬುರಗಿ ಜಿಲ್ಲೆಯ ಪ್ರದೇಶವು ಮಧ್ಯಯುಗದಲ್ಲಿ ಬಹಮನಿ ಸುಲ್ತಾನರ ಮತ್ತು ಅವರ ನಂತರ ಬಂದ ದಖನ್ನಿನ ಸುಲ್ತಾನರ ಆಳ್ವಿಕೆಯಲ್ಲಿತ್ತು. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದ ಮೊದಲ ರಾಜಧಾನಿ ಕಲಬುರಗಿಯೇ ಆಗಿತ್ತು. ಔರಂಗಜೇಬನು ರಾಜಕುಮಾರನಾಗಿದ್ದಾಗ 1657ರಲ್ಲಿ ಬೀದರನ್ನೂ, ಚಕ್ರವರ್ತಿಯಾದ ಮೇಲೆ 1686ರಲ್ಲಿ ಬಿಜಾಪುರವನ್ನೂ 1687ರಲ್ಲಿ ಗೋಲ್ಕೊಂಡವನ್ನೂ ವಶಪಡಿಸಿಕೊಂಡನು. ಇದರೊಂದಿಗೆ ಈ ಭಾಗವೆಲ್ಲವೂ ಮೊಗಲ್ ಸಾಮ್ರಾಜ್ಯದ ದಖನ್ ಸುಬಾಗಳಿಗೆ ಸೇರಿತು. ಆ ಸುಬಾಗಳು ಆರು: ಔರಂಗಾಬಾದ್, ಬೀರಾರ್, ಖಾನ್‌ದೇಶ, ಬೀದರ್, ಬಿಜಾಪುರ ಮತ್ತು ಹೈದರಾಬಾದ್. ಈ ಹಂತದಲ್ಲಿ 'ಮೊಗಲಾಯಿ' ಎಂಬುದು ಅದರ ನೇರ ಅರ್ಥದಲ್ಲಿಯೇ ಸಲ್ಲುತ್ತಿತ್ತು.

ಚೌಥ ಮತ್ತು ಎರಡು ಅಮಲು

1719ರಲ್ಲಿ ಮೊಗಲ್ ಆಸ್ಥಾನವು ದಖನ್ನಿನ ಆರು ಸುಬಾಗಳಲ್ಲಿ ಚೌಥ ಮತ್ತು ಸರದೇಶಮುಖಿಯನ್ನು ಎತ್ತುವ ಹಕ್ಕನ್ನು ಮರಾಠರಿಗೆ ಒಪ್ಪಿತು. ಚೌಥ ಎಂದರೆ ಕಂದಾಯದ ನಾಲ್ಕನೆಯ ಒಂದು ಪಾಲು, ಅಂದರೆ ಶೇಕಡ 25. ಸರದೇಶಮುಖಿ ಎಂದರೆ ಅದರ ಮೇಲೆ ಶೇಕಡ 10. ಮರಾಠರು ತಮ್ಮ ಸ್ವಂತ ಆಳ್ವಿಕೆಯ ಪ್ರದೇಶವನ್ನು 'ಸ್ವರಾಜ್ಯ' ಎಂದೂ ಮೊಗಲರ ಪ್ರದೇಶವನ್ನು 'ಮೊಗಲಾಯಿ' ಎಂದೂ ವಿಂಗಡಿಸುತ್ತಿದ್ದರು. ಒಂದೇ ಹಳ್ಳಿಯಿಂದ ಇಬ್ಬರು ಅಧಿಕಾರಿಗಳು ತಮ್ಮ ತಮ್ಮ ಪಾಲನ್ನು ಎತ್ತುವ ಈ ವ್ಯವಸ್ಥೆಗೆ 'ದೋ ಅಮಲು', ಅಂದರೆ ಎರಡು ಅಧಿಕಾರ, ಎಂಬ ಹೆಸರಿತ್ತು.

ಈ ಕಾಲದ ಕಾಗದಪತ್ರಗಳಲ್ಲಿ 'ಮೊಗಲಾಯಿ' ಎಂಬುದು ನಕಾಶೆಯ ಮೇಲಿನ ಪ್ರದೇಶವನ್ನು ಮಾತ್ರವಲ್ಲದೆ ಹುಟ್ಟುವಳಿಯ ಒಂದು ಪಾಲನ್ನೂ ಸೂಚಿಸುತ್ತದೆ. ಹಳ್ಳಿಯ ಲೆಕ್ಕದಲ್ಲಿ ಈ ಪದ ಬಂದರೆ ಆ ಹಳ್ಳಿ ಸಂಪೂರ್ಣವಾಗಿ ನಿಜಾಮರದಾಗಿತ್ತು ಎಂದು ತೀರ್ಮಾನಿಸಲಾಗದು.

ನಿಜಾಮರ ಕಾಲ

ಮೊಗಲ್ ಅಧಿಕಾರಿಯಾಗಿದ್ದ ಮೀರ್ ಕಮರುದ್ದೀನ್ ಖಾನನು 1724ರಲ್ಲಿ ಶಕ್ಕರಖೇಡದ ಯುದ್ಧದಲ್ಲಿ ಗೆದ್ದು ದಖನ್ನಿನಲ್ಲಿ ಬಹುಮಟ್ಟಿಗೆ ಸ್ವತಂತ್ರನಾದನು. ಅವನಿಗಿದ್ದ 'ನಿಜಾಮ್-ಉಲ್-ಮುಲ್ಕ್' ಮತ್ತು 'ಆಸಫ್ ಜಾ' ಎಂಬ ಬಿರುದುಗಳು ಮೊಗಲ್ ಚಕ್ರವರ್ತಿಗಳಿಂದ ದೊರೆತವುಗಳು. ಅವನಾಗಲಿ ಅವನ ಉತ್ತರಾಧಿಕಾರಿಗಳಾಗಲಿ ದೆಹಲಿಯ ಚಕ್ರವರ್ತಿಯ ಹೆಸರನ್ನು ಬಿಟ್ಟುಕೊಡಲಿಲ್ಲ. ನಿಜಾಮರ ನಾಣ್ಯಗಳು 1857ರ ಬಂಡಾಯದ ಕಾಲದವರೆಗೂ ಮೊಗಲ್ ಚಕ್ರವರ್ತಿಯ ಹೆಸರಿನಲ್ಲಿಯೇ ಅಚ್ಚಾಗುತ್ತಿದ್ದವು. ಕಾಗದದ ಮೇಲೆ ನಿಜಾಮರು ಮೊಗಲರ ಸುಬೇದಾರರು. ವಾಸ್ತವದಲ್ಲಿ ಸ್ವತಂತ್ರ ಅರಸರು.

ಮರಾಠರು ಈ ಔಪಚಾರಿಕ ಸ್ಥಿತಿಯನ್ನು ಅನುಸರಿಸಿ ನಿಜಾಮರನ್ನು 'ಮೊಗಲ' ಎಂದೂ ಅವರ ರಾಜ್ಯವನ್ನು 'ಮೊಗಲಾಯಿ' ಎಂದೂ ಕರೆಯುವುದನ್ನು ಮುಂದುವರಿಸಿದರು. 1728ರ ಪಾಲಖೇಡ, 1760ರ ಉದಗೀರ, 1763ರ ರಾಕ್ಷಸಭುವನ ಮತ್ತು 1795ರ ಖರ್ಡಾ ಯುದ್ಧಗಳಲ್ಲಿ ಪೇಶ್ವೆಯರ ಎದುರಾಳಿಯಾಗಿದ್ದವರು ನಿಜಾಮರು. ಆದ್ದರಿಂದ ಹದಿನೆಂಟನೆಯ ಶತಮಾನದ ಮರಾಠಿ ಪತ್ರಗಳಲ್ಲಿ 'ಮೊಗಲ' ಎಂದು ಬಂದಾಗ ಅದು ದೆಹಲಿಯ ಚಕ್ರವರ್ತಿಯನ್ನು ಸೂಚಿಸುತ್ತದೆಯೋ ಹೈದರಾಬಾದಿನ ನಿಜಾಮರನ್ನೋ ಎಂಬುದನ್ನು ಸಂದರ್ಭದಿಂದ ತಿಳಿಯಬೇಕು.

ಸಂಸ್ಥಾನದ ಅಧಿಕೃತ ಹೆಸರಿನಲ್ಲಿ 'ಮೊಗಲಾಯಿ' ಇರಲಿಲ್ಲ. ಆಡಳಿತವು ತನ್ನನ್ನು 'ಸರ್ಕಾರ್-ಎ-ಆಲಿ' ಎಂದು ಕರೆದುಕೊಳ್ಳುತ್ತಿತ್ತು. ಬ್ರಿಟಿಷರ ದಾಖಲೆಗಳಲ್ಲಿ 'ನಿಜಾಮರ ಸಂಸ್ಥಾನ' ಅಥವಾ 'ಹೈದರಾಬಾದ್ ಸಂಸ್ಥಾನ' ಎಂದಿರುತ್ತಿತ್ತು. ಹೀಗೆ ಮೊಗಲಾಯಿ ಎಂಬುದು ಮುಖ್ಯವಾಗಿ ಗಡಿಯ ಆಚೆಯವರ ಮಾತು.

ಗಡಿಯ ಪದ

1818ರಲ್ಲಿ ಪೇಶವಾಯಿ ಕೊನೆಗೊಂಡಿತು. ಸೊಲ್ಲಾಪುರ, ಬಿಜಾಪುರ, ಧಾರವಾಡ ಪ್ರದೇಶಗಳು ಕಾಲಕ್ರಮದಲ್ಲಿ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದವು. ಮರಾಠರ ಮತ್ತು ನಿಜಾಮರ ನಡುವಿನ ಗಡಿಯು ಬ್ರಿಟಿಷರ ಮತ್ತು ನಿಜಾಮರ ನಡುವಿನ ಗಡಿಯಾಯಿತು. ಗಡಿಯಾಚೆಯ ನೆಲಕ್ಕಿದ್ದ ಹೆಸರು ಮಾತ್ರ ಬದಲಾಗಲಿಲ್ಲ. ದಕ್ಷಿಣದಲ್ಲಿ ತುಂಗಭದ್ರೆಯೂ ಪಶ್ಚಿಮದ ಕೆಲವೆಡೆ ಭೀಮೆಯೂ ಈ ಗಡಿಯಾಗಿದ್ದವು. ಬ್ರಿಟಿಷ್ ಅವಧಿಯ ಮುಂಬಯಿ ಪ್ರಾಂತದ ಗೆಜೆಟಿಯರುಗಳಲ್ಲಿಯೂ ನಿಜಾಮರ ಸೀಮೆಗೆ ಈ ಪದವನ್ನು ಬಳಸಲಾಗಿದೆ. 1858ರಲ್ಲಿ ಕೊನೆಯ ಮೊಗಲ್ ಚಕ್ರವರ್ತಿ ಬಹಾದುರ್ ಶಾ ಜಫರನನ್ನು ರಂಗೂನಿಗೆ ಗಡೀಪಾರು ಮಾಡಿದ ನಂತರವೂ, ಅಂದರೆ ಮೊಗಲರೇ ಇಲ್ಲವಾದ ಮೇಲೂ, ದಖನ್ನಿನಲ್ಲಿ ಮೊಗಲಾಯಿ ಎಂಬ ಹೆಸರು ಉಳಿಯಿತು.

ಗಡಿ ದಾಟಿದವರಿಗೆ ನಿತ್ಯಜೀವನದ ಹಲವು ಪದಗಳು ಬೇರೆಯಾಗುತ್ತಿದ್ದವು. ನಿಜಾಮರ ರೂಪಾಯಿಗೆ 'ಹಾಲಿ ಸಿಕ್ಕಾ' ಎಂದೂ ಬ್ರಿಟಿಷ್ ರೂಪಾಯಿಗೆ 'ಕಲ್ದಾರ' ಎಂದೂ ಹೆಸರಿತ್ತು. 1950ರ ಹೊತ್ತಿಗೆ ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿ ಎಂಬ ಲೆಕ್ಕ ಚಾಲ್ತಿಯಲ್ಲಿತ್ತು. ಊರಿನ ಲೆಕ್ಕ ಬರೆಯುವವನು ಧಾರವಾಡದ ಕಡೆ ಕುಲಕರ್ಣಿ, ಮೈಸೂರಿನ ಕಡೆ ಶಾನುಭೋಗ, ನಿಜಾಮರ ಸೀಮೆಯಲ್ಲಿ ಪಟವಾರಿ. ಊರಿನ ಗೌಡಿಕೆಯ ಕೆಲಸವು ಮಾಲಿ ಪಟೇಲ ಮತ್ತು ಪೊಲೀಸ್ ಪಟೇಲ ಎಂದು ಇಬ್ಬರಲ್ಲಿ ಹಂಚಿಹೋಗಿತ್ತು. ಮೊದಲನೆಯವನದು ಕಂದಾಯ, ಎರಡನೆಯವನದು ಕಾವಲು. ಕಂದಾಯದ ವರ್ಷವನ್ನು ಫಸಲಿಯಲ್ಲಿ ಎಣಿಸುತ್ತಿದ್ದರು. ಆಡಳಿತದ ಭಾಷೆ ಮೊದಲು ಪಾರಸಿಯಾಗಿದ್ದು 1880ರ ದಶಕದಲ್ಲಿ ಉರ್ದು ಆಯಿತು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ

ಈ ಐದು ಊರುಗಳು ನಿಜಾಮರ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಯ ಪೂರ್ವಭಾಗದ ಸುತ್ತಲಲ್ಲಿವೆ. ಬಿಜಾಪುರ ಅಥವಾ ಸೊಲ್ಲಾಪುರದಿಂದ ನೋಡಿದಾಗ ಇವು ಮೊಗಲಾಯಿಯ ಒಳನಾಡು. ಆದರೆ ಇವುಗಳ ಸುತ್ತಲಿನ ನೆಲಕ್ಕೆ ಮೊಗಲರಿಗಿಂತ ಬಹಳ ಹಿಂದಿನ ಹೆಸರುಗಳೂ ಚರಿತ್ರೆಯೂ ಇವೆ.

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಕನ್ನಡದಲ್ಲಿ ಇಂದು ಲಭ್ಯವಿರುವ ಅತ್ಯಂತ ಹಳೆಯ ಗ್ರಂಥವಾದ 'ಕವಿರಾಜಮಾರ್ಗ' ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾಯಿತು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹರಡಿದೆ ಎಂದು ಅದು ಹೇಳುತ್ತದೆ. ಕನ್ನಡ ನಾಡಿನ ಎಲ್ಲೆಯನ್ನು ಮೊದಲು ಹೇಳಿದ ಗ್ರಂಥ ಹುಟ್ಟಿದ ನೆಲವೇ ಮುಂದೆ ಕನ್ನಡಿಗರ ಬಾಯಲ್ಲಿ 'ಮೊಗಲಾಯಿ' ಎನಿಸಿಕೊಂಡಿತು.

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನವೂ ಹತ್ತಿರದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಅವಶೇಷಗಳೂ ದೊರೆತಿವೆ. ಅಲ್ಲಿನ ಒಂದು ಶಿಲ್ಪಫಲಕದ ಮೇಲೆ ಅಶೋಕನ ಹೆಸರು ಬರೆದಿದೆ. ಚಿತ್ತಾಪುರದ ಸಮೀಪದ ನಾಗಾವಿಯು ಪ್ರಾಚೀನ ಕಾಲದಲ್ಲಿ ಘಟಿಕಾಸ್ಥಾನವಾಗಿದ್ದ, ಅಂದರೆ ಉನ್ನತ ವಿದ್ಯೆಯ ಕೇಂದ್ರವಾಗಿದ್ದ ಊರು.

ವಾಡಿಯು ರೈಲಿನಿಂದ ಬೆಳೆದ ಊರು. ಮುಂಬಯಿಯಿಂದ ಸೊಲ್ಲಾಪುರ, ಗುಲ್ಬರ್ಗಾ, ಶಹಾಬಾದ್ ಮೂಲಕ ರಾಯಚೂರಿಗೆ ಹೋಗುವ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲು ದಾರಿಯಿಂದ ಹೈದರಾಬಾದಿನ ಕಡೆಗೆ ಕವಲು ಒಡೆಯುವುದು ಇಲ್ಲಿಯೇ. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಮಾರ್ಗವಾಗಿ ಸಿಕಂದರಾಬಾದಿಗೆ ಹೋಗುವ ನಿಜಾಮರ ರೈಲು ದಾರಿ 1874ರಲ್ಲಿ ತೆರೆಯಿತು. ಮುಂಬಯಿಯ ಕಡೆಯಿಂದ ಬಂದವರು ನಿಜಾಮರ ರೈಲನ್ನು ಏರುತ್ತಿದ್ದುದು ವಾಡಿಯಲ್ಲಿ. ಭೂಮಿಯ ಮೇಲಿನ ಗಡಿ ಅದಕ್ಕಿಂತ ಬಹಳ ಹಿಂದೆಯೇ ದಾಟಿಹೋಗಿರುತ್ತಿದ್ದರೂ, ಪ್ರಯಾಣಿಕನಿಗೆ ನಿಜಾಮರ ಆಡಳಿತವು ಕಣ್ಣಿಗೆ ಕಾಣುವಂತೆ ಎದುರಾಗುತ್ತಿದ್ದುದು ಈ ಜಂಕ್ಷನ್ನಿನಲ್ಲಿ.

ಶಹಾಬಾದ್ ಎಂಬ ಹೆಸರು ಮೊಗಲಾಯಿಗೆ ವಿರುದ್ಧ ದಿಕ್ಕಿನಲ್ಲಿ ಸಾಗಿದ ಪದಕ್ಕೆ ಉದಾಹರಣೆ. ಭೀಮಾ ಕಣಿವೆಯ ಸುಣ್ಣಕಲ್ಲಿನ ಪದರಗಳಿಂದ ಇಲ್ಲಿ ತೆಗೆಯುವ ಹಾಸುಗಲ್ಲು ಮುಂಬಯಿ, ಪುಣೆ, ಸೊಲ್ಲಾಪುರಗಳ ಮನೆಗಳಿಗೂ ರೈಲು ನಿಲ್ದಾಣಗಳಿಗೂ ಹೋಯಿತು. ಮರಾಠಿಯಲ್ಲಿ 'ಶಹಾಬಾದಿ ಫರಶಿ', ಕನ್ನಡದಲ್ಲಿ 'ಶಹಾಬಾದ್ ಕಲ್ಲು' ಅಥವಾ 'ಫರಸಿ' ಎಂಬುದು ಊರಿನ ಹೆಸರೇ ಒಂದು ಸಾಮಾನ್ಯ ವಸ್ತುವಿನ ಹೆಸರಾದುದಕ್ಕೆ ನಿದರ್ಶನ. ಸೀಮೆಯ ಹೆಸರು ಹೊರಗಿನವರ ಬಾಯಲ್ಲಿ ದೂರಿನ ಮಾತಾದರೆ, ಅದೇ ಸೀಮೆಯ ಒಂದು ಊರಿನ ಹೆಸರು ಅವರ ಮನೆಯ ನೆಲದ ಗಟ್ಟಿತನಕ್ಕೆ ಗುರುತಾಯಿತು.

ಮುಲ್ಲಾಮಾರಿ ನದಿಯ ದಡದ ಚಿಂಚೋಳಿ ಮತ್ತು ಅದರ ನೆರೆಯ ಸೇಡಂ 1956ರವರೆಗೆ ಗಡಿ ತಾಲ್ಲೂಕುಗಳಾಗಿರಲಿಲ್ಲ. ಅವುಗಳ ಪೂರ್ವಕ್ಕಿದ್ದ ತಾಂಡೂರು ಮತ್ತು ಕೊಡಂಗಲ್ ಕೂಡ ಗುಲ್ಬರ್ಗಾ ಜಿಲ್ಲೆಗೇ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಆ ಎರಡು ತಾಲ್ಲೂಕುಗಳು ಆಂಧ್ರ ಪ್ರದೇಶಕ್ಕೆ ಹೋದವು. ಈಗ ಅವು ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿವೆ. ಒಂದೇ ಮೊಗಲಾಯಿಯೊಳಗಿದ್ದ ನೆರೆಹೊರೆಯ ಊರುಗಳ ನಡುವೆ ಹೀಗೆ ಹೊಸ ಗಡಿ ಹುಟ್ಟಿತು. ಕನ್ನಡ, ತೆಲುಗು, ದಖನಿ ಉರ್ದು, ಮರಾಠಿ ಮತ್ತು ಲಂಬಾಣಿ ಮಾತುಗಳು ಈ ಭಾಗದಲ್ಲಿ ಇಂದಿಗೂ ಒಟ್ಟಿಗೆ ಕೇಳಿಬರುತ್ತವೆ.

ಆಡುಮಾತಿನ ಅರ್ಥ

ಮರಾಠಿಯಲ್ಲಿ ನಿಯಮವಿಲ್ಲದ ನಡವಳಿಕೆಯನ್ನು ಕಂಡಾಗ 'ಇದೇನು ಮೊಗಲಾಯಿಯೇ?' ಎಂಬರ್ಥದ ಪ್ರಶ್ನೆಯನ್ನು ಕೇಳುವುದು ರೂಢಿಯಲ್ಲಿದೆ. ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದೇ, ಕೇಳುವವರು ಯಾರೂ ಇಲ್ಲವೇ ಎಂಬುದು ಇದರ ತಾತ್ಪರ್ಯ. ಮರಾಠಿಯೊಡನೆ ದೀರ್ಘಕಾಲದ ಒಡನಾಟವಿರುವ ಉತ್ತರ ಕರ್ನಾಟಕದ ಗಡಿಭಾಗಗಳಿಗೂ ಈ ಅರ್ಥ ಅಪರಿಚಿತವಲ್ಲ. ಕನ್ನಡದಲ್ಲಿ ಇದೇ ಭಾವಕ್ಕೆ 'ತುಘಲಕ್ ದರ್ಬಾರ್' ಎಂಬ ಮಾತು ಹೆಚ್ಚು ವ್ಯಾಪಕ. ಎರಡರಲ್ಲಿಯೂ ಆಳುವವರ ಹೆಸರು ಆಳ್ವಿಕೆಯ ದೋಷದ ಹೆಸರಾಗಿದೆ.

ಈ ಅರ್ಥ ಬೆಳೆಯಲು ಹಲವು ಕಾರಣಗಳಿದ್ದವು. ಎರಡು ಅಮಲಿನ ಕಾಲದಲ್ಲಿ ರೈತನು ಇಬ್ಬರಿಗೆ ಲೆಕ್ಕ ಒಪ್ಪಿಸಬೇಕಾಗಿತ್ತು. ಮೊದಲನೆಯ ಸಾಲಾರ್ ಜಂಗನು ದಿವಾನನಾಗುವ ಮೊದಲು ಸಂಸ್ಥಾನದಲ್ಲಿ ಕಂದಾಯವನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿತ್ತು. ಗುತ್ತಿಗೆ ಹಿಡಿದವನು ಹೆಚ್ಚು ಎತ್ತಿದಷ್ಟೂ ಅವನಿಗೆ ಲಾಭ. ದಿವಾನಿ ಹಳ್ಳಿಗಳು, ನಿಜಾಮರ ಸ್ವಂತ ಆಸ್ತಿಯಾದ ಸರ್ಫ್-ಎ-ಖಾಸ್ ಹಳ್ಳಿಗಳು, ಪೈಗಾ ಮನೆತನಗಳ ಹಳ್ಳಿಗಳು, ಜಾಗೀರು ಹಳ್ಳಿಗಳು ಅಕ್ಕಪಕ್ಕದಲ್ಲಿದ್ದು ಪ್ರತಿಯೊಂದಕ್ಕೂ ಬೇರೆ ಅಧಿಕಾರಿಗಳಿದ್ದರು. ಇದರ ಮೇಲೆ, ಅಪರಾಧ ಮಾಡಿ ಗಡಿ ದಾಟಿದವನನ್ನು ಹಿಡಿಯಲು ಒಂದು ಆಡಳಿತವು ಇನ್ನೊಂದರ ಒಪ್ಪಿಗೆ ಪಡೆಯಬೇಕಾಗಿತ್ತು. ಮುಂಬಯಿ ಪ್ರಾಂತದ ಕಡೆಯಿಂದ ನೋಡುವವರಿಗೆ ಇದೆಲ್ಲವೂ ಕಾನೂನು ಮುಟ್ಟದ ನಾಡಿನಂತೆ ಕಂಡಿತು.

ಆದರೆ ಪದದ ಅರ್ಥವನ್ನೇ ಚರಿತ್ರೆಯ ಸಾಕ್ಷ್ಯವೆಂದು ತೆಗೆದುಕೊಳ್ಳುವಂತಿಲ್ಲ. 1853ರಿಂದ 1883ರವರೆಗೆ ದಿವಾನನಾಗಿದ್ದ ಸಾಲಾರ್ ಜಂಗನು ಗುತ್ತಿಗೆ ಪದ್ಧತಿಯನ್ನು ತೆಗೆದು ಜಿಲ್ಲೆ, ತಾಲ್ಲೂಕುಗಳ ಆಡಳಿತವನ್ನು ಕಟ್ಟಿದನು. ಸಂಸ್ಥಾನಕ್ಕೆ ಸ್ವಂತ ರೈಲು, ಅಂಚೆ ಮತ್ತು ನಾಣ್ಯಗಳಿದ್ದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ಶಿಕ್ಷಣವನ್ನು ಇಂಗ್ಲಿಷಿನ ಬದಲು ಭಾರತೀಯ ಭಾಷೆಯಾದ ಉರ್ದುವಿನಲ್ಲಿ ನೀಡಿತು. ಇನ್ನೊಂದೆಡೆ, ಅದೇ ಉರ್ದು ಸಂಸ್ಥಾನದ ಬಹುಪಾಲು ಜನರ ಮನೆಮಾತಾಗಿರಲಿಲ್ಲ. ಕನ್ನಡ, ತೆಲುಗು, ಮರಾಠಿ ಮಾತನಾಡುವ ಮಕ್ಕಳಿಗೆ ಮೇಲಿನ ಹಂತದ ಶಿಕ್ಷಣ ತಮ್ಮ ಭಾಷೆಯಲ್ಲಿ ದೊರೆಯುತ್ತಿರಲಿಲ್ಲ. ಸುಧಾರಣೆಯೂ ಕೊರತೆಯೂ ಒಟ್ಟಿಗಿದ್ದ ಈ ಸ್ಥಿತಿಯನ್ನು 'ಮೊಗಲಾಯಿ' ಎಂಬ ಒಂದು ಪದ ಹಿಡಿದಿಡಲಾರದು.

ಈ ಪದವು ಧರ್ಮ ಅಥವಾ ಸಮುದಾಯವನ್ನು ಸೂಚಿಸುವುದಿಲ್ಲ ಎಂಬುದೂ ಗಮನಾರ್ಹ. ಸೇಡಂನ ಒಕ್ಕಲಿಗನಾಗಲಿ ಚಿಂಚೋಳಿಯ ನೇಕಾರನಾಗಲಿ ಶಹಾಬಾದಿನ ಕಲ್ಲುಕುಟಿಗನಾಗಲಿ, ಯಾವ ಜಾತಿ ಮತದವನಾದರೂ, ಗಡಿಯ ಆಚೆಯವರಿಗೆ 'ಮೊಗಲಾಯಿಯವನು' ಆಗಿದ್ದನು. ಆಳಿದವರ ಹೆಸರನ್ನು ಆಳಿಸಿಕೊಂಡವರ ಮೇಲೆ ಹಚ್ಚಿದ ಪದವಿದು.

ದೂರದ ನಾಡಿನ ಹೆಸರು ಆಡುಮಾತಿನಲ್ಲಿ ಹಿಂದುಳಿದ ಜಾಗಕ್ಕೆ ಪರ್ಯಾಯವಾಗುವುದು ಇತರ ಭಾಷೆಗಳಲ್ಲಿಯೂ ಇದೆ. ಅಮೆರಿಕದ ಆಡುಮಾತಿನಲ್ಲಿ ಕುಗ್ರಾಮಕ್ಕೆ 'ಬೂನ್‌ಡಾಕ್ಸ್' ಎನ್ನುತ್ತಾರೆ. ಇದು ಫಿಲಿಪ್ಪೀನ್ಸಿನ ತಗಾಲೋಗ್ ಭಾಷೆಯಲ್ಲಿ ಬೆಟ್ಟ ಎಂಬರ್ಥದ 'ಬುಂದೋಕ್' ಪದದಿಂದ ಬಂದದ್ದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ನೆಲೆಸಿದ್ದ ಅಮೆರಿಕನ್ ಸೈನಿಕರು ಅದನ್ನು ತಮ್ಮ ಮಾತಿಗೆ ತೆಗೆದುಕೊಂಡರು. ಅಲ್ಲಿನವರಿಗೆ ಅದು ಬರಿಯ ಬೆಟ್ಟ; ಹೊರಗಿನಿಂದ ಬಂದವರಿಗೆ ಯಾರೂ ಹೋಗಬಯಸದ ಮೂಲೆ. ಮೊಗಲಾಯಿ ಪದದಲ್ಲಿಯೂ ಇದೇ ರೀತಿ ನೋಡುವವರ ನಿಲುವು ಅರ್ಥದ ಭಾಗವಾಗಿದೆ.

ಏಕೀಕರಣ ಚಳವಳಿ ಮತ್ತು ಹೆಸರಿನ ಬದಲಾವಣೆ

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಏಕೀಕರಣವನ್ನು ಕುರಿತ ಬರಹಗಳಲ್ಲಿ ಮೈಸೂರು, ಮುಂಬಯಿ ಕರ್ನಾಟಕ, ಮದ್ರಾಸ್ ಪ್ರಾಂತದ ಕನ್ನಡ ಜಿಲ್ಲೆಗಳು ಮತ್ತು ಕೊಡಗಿನ ಜೊತೆಗೆ ನಿಜಾಮರ ಸೀಮೆಯನ್ನೂ ಎಣಿಸಲಾಗುತ್ತಿತ್ತು. ಇಂತಹ ಬರಹಗಳಲ್ಲಿ 'ಮೊಗಲಾಯಿ'ಯ ಜೊತೆಗೆ 'ನಿಜಾಮ ಕರ್ನಾಟಕ' ಎಂಬ ಹೆಸರೂ ಬಳಕೆಗೆ ಬಂದಿತು. ಎರಡನೆಯ ಹೆಸರಿನಲ್ಲಿ ಆಳುವವರ ಗುರುತಿನ ಜೊತೆಗೆ 'ಕರ್ನಾಟಕ' ಎಂಬುದೂ ಸೇರಿತು. ಇದು ಬರಿಯ ಪದದ ಬದಲಾವಣೆಯಾಗಿರಲಿಲ್ಲ. ಗಡಿಯಾಚೆಯದು ಬೇರೆ ನಾಡಲ್ಲ, ಅದೇ ನಾಡಿನ ಒಂದು ಭಾಗ ಎಂಬ ವಾದವಾಗಿತ್ತು. ಕನ್ನಡ ಸಾಹಿತ್ಯ ಸಮ್ಮೇಳನವು 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಗುಲ್ಬರ್ಗಾದಲ್ಲಿಯೂ 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿಯೂ ನಡೆದದ್ದು ಈ ಸಂಬಂಧವನ್ನು ಬಲಪಡಿಸಿತು.

1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾದಾಗ ನಿಜಾಮರ ಸಂಸ್ಥಾನವು ಒಕ್ಕೂಟಕ್ಕೆ ಸೇರಲಿಲ್ಲ. ನಂತರದ ತಿಂಗಳುಗಳಲ್ಲಿ ರಜಾಕಾರರ ಹಿಂಸಾಚಾರಕ್ಕೆ ಹೆದರಿ ಅನೇಕರು ಗಡಿ ದಾಟಿ ಮುಂಬಯಿ ಮತ್ತು ಮದ್ರಾಸ್ ಪ್ರಾಂತಗಳ ಊರುಗಳಿಗೆ ಹೋದರು. ಮುಂಡರಗಿ, ಗಜೇಂದ್ರಗಡ ಮುಂತಾದ ಕಡೆಗಳಲ್ಲಿ ಹೋರಾಟಗಾರರ ಶಿಬಿರಗಳು ನಡೆದವು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಸೇನಾ ಕಾರ್ಯಾಚರಣೆಯ ನಂತರ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1949ರಲ್ಲಿ ಜಾಗೀರುಗಳು ರದ್ದಾದವು. ಹಾಲಿ ಸಿಕ್ಕಾ 1959ರ ಹೊತ್ತಿಗೆ ಚಲಾವಣೆಯಿಂದ ಪೂರ್ಣವಾಗಿ ಹೋಯಿತು. ಮೊಗಲಾಯಿ ಎಂಬ ಪದವು ಸೂಚಿಸುತ್ತಿದ್ದ ಆಡಳಿತವೇ ಇಲ್ಲವಾಯಿತು.

1956ರ ನವೆಂಬರ್ 1ರಂದ��, ಕೊಡಂಗಲ್ ಮತ್ತು ತಾಂಡೂರನ್ನು ಬಿಟ್ಟು ಗುಲ್ಬರ್ಗಾ ಜಿಲ್ಲೆಯೂ, ಆಲಂಪುರ ಮತ್ತು ಗದ್ವಾಲನ್ನು ಬಿಟ್ಟು ರಾಯಚೂರು ಜಿಲ್ಲೆಯೂ, ಅಹಮದಪುರ, ನಿಲಂಗಾ, ಉದಗೀರ ಮುಂತಾದ ಭಾಗಗಳನ್ನು ಬಿಟ್ಟು ಬೀದರ್ ಜಿಲ್ಲೆಯೂ ಮೈಸೂರು ರಾಜ್ಯಕ್ಕೆ ಸೇರಿದವು. ಅನಂತರ ಈ ಭಾಗಕ್ಕೆ 'ಹೈದರಾಬಾದ್ ಕರ್ನಾಟಕ' ಎಂಬ ಹೆಸರು ನೆಲೆಗೊಂಡಿತು.

ಇಂದಿನ ಬಳಕೆ

2002ರಲ್ಲಿ ವರದಿ ನೀಡಿದ ಡಿ. ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವುಗಳೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದಿತು. ಈ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಗುಲ್ಬರ್ಗಾ ವಿಭಾಗದವು. 2012ರ ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಸೇರಿಸಲಾದ 371(ಜೆ) ವಿಧಿಯು ಈ ಭಾಗಕ್ಕೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ವಿಶೇಷ ಅವಕಾಶ ಕಲ್ಪಿಸಿತು. 2019ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು 'ಹೈದರಾಬಾದ್ ಕರ್ನಾಟಕ'ವನ್ನು 'ಕಲ್ಯಾಣ ಕರ್ನಾಟಕ' ಎಂದು ಮರುನಾಮಕರಣ ಮಾಡಿತು. ಇದು ಕಲ್ಯಾಣದ ಚಾಲುಕ್ಯರ ರಾಜಧಾನಿಯೂ ಹನ್ನೆರಡನೆಯ ಶತಮಾನದ ಶರಣರ ಕಾರ್ಯಕ್ಷೇತ್ರವೂ ಆಗಿದ್ದ ಇಂದಿನ ಬಸವಕಲ್ಯಾಣವನ್ನು ನೆನಪಿಸುವ ಹೆಸರು. ಸಂವಿಧಾನದ ವಿಧಿಯಲ್ಲಿ ಹಳೆಯ ಹೆಸರೇ ಇದೆ.

ಮೊಗಲಾಯಿ ಮತ್ತು ಕಲ್ಯಾಣ ಕರ್ನಾಟಕ ಒಂದೇ ಪ್ರದೇಶವಲ್ಲ. ಕಲ್ಯಾಣ ಕರ್ನಾಟಕಕ್ಕೆ ಸೇರಿದ ಬಳ್ಳಾರಿ ಜಿಲ್ಲೆಯು ಮದ್ರಾಸ್ ಪ್ರಾಂತದಲ್ಲಿದ್ದು 1953ರಲ್ಲಿ ಮೈಸೂರಿಗೆ ಬಂದದ್ದು. 2021ರಲ್ಲಿ ಅದರಿಂದ ವಿಜಯನಗರ ಜಿಲ್ಲೆ ರೂಪುಗೊಂಡಿತು. ಇನ್ನೊಂದೆಡೆ, ಮರಾಠಿಗರು ಮೊಗಲಾಯಿ ಎಂದಾಗ ಅದರಲ್ಲಿ ಇಂದಿನ ಮರಾಠವಾಡವೂ ಸೇರುತ್ತದೆ. ರಾಯಚೂರು ದೋಆಬ್ 1853ರಿಂದ 1860ರವರೆಗೆ ಬ್ರಿಟಿಷರ ವಶದಲ್ಲಿತ್ತು. ಸುರಪುರವು 1860ರ ನಂತರವೇ ನಿಜಾಮರ ನೇರ ಆಳ್ವಿಕೆಗೆ ಬಂದಿತು. ಹೀಗಾಗಿ ಪದದ ವ್ಯಾಪ್ತಿ ಕಾಲದಿಂದ ಕಾಲಕ್ಕೆ ಬದಲಾಗಿದೆ.

ಇಂದು 'ಮೊಗಲಾಯಿ' ಎಂಬ ಮಾತು ಸೀಮೆಯ ಹೆಸರಾಗಿ ಹಿರಿಯರ ಮಾತಿನಲ್ಲಿ ಮತ್ತು ಇತಿಹಾಸದ ಬರಹಗಳಲ್ಲಿ ಉಳಿದಿದೆ. ಹೊಸ ತಲೆಮಾರಿಗೆ ಇದು ಹೆಚ್ಚಾಗಿ ಪರಿಚಯವಾಗುವುದು ಹೋಟೆಲಿನ ಫಲಕಗಳಲ್ಲಿ 'ಮೊಘಲಾಯಿ' ಅಡುಗೆಯಾಗಿ. ಕೋಲ್ಕತ್ತಾದಲ್ಲಿ 'ಮೊಘಲಾಯಿ ಪರೋಟಾ' ಎಂಬುದು ಪ್ರಸಿದ್ಧ ತಿಂಡಿ. ಮರಾಠಿಯ ಆಡುಮಾತಿನಲ್ಲಿ ದುರಾಡಳಿತ ಎಂಬ ಅರ್ಥ ಇನ್ನೂ ಜೀವಂತವಾಗಿದೆ. ಅದನ್ನು ಬಳಸುವ ಬಹುತೇಕರಿಗೆ ಅದು ಒಮ್ಮೆ ನೆರೆಯ ಸೀಮೆಯೊಂದರ ಹೆಸರಾಗಿತ್ತೆಂಬ ನೆನಪಿಲ್ಲ.